ನಿನ್ನೆಯ ರೊಟ್ಟಿ

ಸಂಜೆಯ ಹೊತ್ತು ಮನೆಭೇಟಿಗೆಂದು ಹೊರಡುವ ಧರ್ಮಗುರುಗಳೆಲ್ಲರಿಗೂ ಈ ಅನುಭವ ಆಗಿರುತ್ತದೆ. ಬಾಗಿಲು ತಟ್ಟಿದೊಡನೆ ಒಳಗೆ ಪಾತ್ರೆಗಳ ಸದ್ದು ಕೇಳಿಸುತ್ತದೆ. ಯಾವುದೋ ಒಂದನ್ನು ಮುಚ್ಚಿಡುತ್ತಾರೆ, ಯಾವುದೋ ಒಂದನ್ನು ಹೊರತೆಗೆಯುತ್ತಾರೆ. ಹೊರಬರುವುದು ಅತಿಥಿಗಳಿಗೆಂದು ಡಬ್ಬಿಯಲ್ಲಿ ಕಾದಿಟ್ಟ ಬಿಸ್ಕತ್ತು. ಮುಚ್ಚಿಟ್ಟದ್ದು ಏನೆಂದು ನಾವು ಕೇಳುವುದಿಲ್ಲ. ಕೇಳುವುದು ಸೌಜನ್ಯವೂ ಅಲ್ಲ.

ಕಳೆದ ತಪಸ್ಸುಕಾಲದಲ್ಲಿ ಬಾಗಲಗುಂಟೆಯ ಒಂದು ಓಣಿಯಲ್ಲಿ ಮಾತ್ರ ಆ ಸೌಜನ್ಯ ಉಳಿಯಲಿಲ್ಲ. ಬಾಗಿಲು ಅರ್ಧ ತೆರೆದಿತ್ತು. ಅರವತ್ತರ ಆಸುಪಾಸಿನ ಆ ತಾಯಿ ನೆಲದ ಮೇಲೆ ಕುಳಿತು ಚಹಾದ ಲೋಟದಲ್ಲಿ ಬ್ರೆಡ್ಡಿನ ತುಂಡೊಂದನ್ನು ಅದ್ದುತ್ತಿದ್ದರು. ನಮ್ಮನ್ನು ಕಂಡೊಡನೆ ತಟ್ಟೆಯನ್ನು ಸೆರಗಿನ ಮರೆಗೆ ಸರಿಸಿದರು. ತಟ್ಟೆ ಜಾರಿ, ಗಟ್ಟಿಯಾಗಿದ್ದ ಎರಡು ಹೋಳುಗಳು ನೆಲಕ್ಕೆ ಬಿದ್ದು ಕಟಕಟನೆ ಸದ್ದು ಮಾಡಿದವು. ಮೆತ್ತಗಿರಬೇಕಾದ ಬ್ರೆಡ್ಡು ಹಾಗೆ ಸದ್ದು ಮಾಡಿದ್ದೇ ಎಲ್ಲವನ್ನೂ ಹೇಳಿಬಿಟ್ಟಿತು.

“ಏನಿಲ್ಲ ಸ್ವಾಮಿ, ಸುಮ್ನೆ,” ಎಂದರು. ಸ್ವಲ್ಪ ಹೊತ್ತಿನ ಮೇಲೆ ತಾವಾಗಿಯೇ ಹೇಳಿದರು: “ಬೆಳಗ್ಗೆ ಹೋದ್ರೆ ಬೇಕರಿಯವನು ನಿನ್ನೇದನ್ನ ಅರ್ಧ ರೇಟಿಗೆ ಕೊಡ್ತಾನೆ. ಯಾರಿಗೂ ಹೇಳ್ಬೇಡಿ.”

ಮಗ ಪೀಣ್ಯದ ಒಂದು ಸಣ್ಣ ಘಟಕದಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುವವನು. ಮೊದಲು ಓವರ್‌ಟೈಂ ನಿಂತಿತು. ಅನಂತರ ವಾರಕ್ಕೆ ಮೂರು ದಿನ ಮಾತ್ರ ಬಂದರೆ ಸಾಕೆಂದರು. ಮನೆ ಬಾಡಿಗೆಗೆ ಮಾತ್ರ ಇಂಥ ಕಡಿತ ಇರುವುದಿಲ್ಲವಷ್ಟೆ. ನಮಗೂ ಒಂದು ತುಂಡು ಕೊಡಿರೆಂದು ಕೇಳಿದೆವು. ಅವರು ಕೊಡಲಿಲ್ಲ. “ಸ್ವಾಮಿಗಳಿಗೆ ತಂಗಳು ಕೊಡೋದುಂಟಾ?” ಎಂದು ಬಿಸ್ಕತ್ತಿನ ಡಬ್ಬಿಗೆ ಕೈಹಾಕಿದರು.

ದಾರಿಯುದ್ದಕ್ಕೂ ಆ ಮಾತು ನಮ್ಮನ್ನು ಹಿಂಬಾಲಿಸಿತು. ಏಕೆಂದರೆ ನಮಗೆ ಒಮ್ಮೆ ತಂಗಳು ಬಡಿಸಿದವರಿದ್ದರು. ಅದೂ ಬಹಳ ಹೆಮ್ಮೆಯಿಂದ.

ಕೆಲವು ವರ್ಷಗಳ ಹಿಂದಿನ ಮಾತು. ಇಟಲಿಯಲ್ಲಿ ಆಗಸ್ಟ್ ತಿಂಗಳೆಂದರೆ ಊರಿಗೆ ಊರೇ ರಜೆಯಲ್ಲಿರುತ್ತದೆ. ಅಲ್ಲಿಯ ಧರ್ಮಗುರುಗಳೂ ವಿಶ್ರಾಂತಿಗೆ ಹೊರಡುತ್ತಾರೆ. ಆ ಕೆಲವು ವಾರಗಳ ಮಟ್ಟಿಗೆ ಬಲಿಪೂಜೆ ಅರ್ಪಿಸಲು ನಮ್ಮ ಕಡೆಯ ಗುರುಗಳು ಹೋಗುವುದುಂಟು. ಹಾಗೆ ನಾವೂ ತೊಸ್ಕಾನ ಪ್ರಾಂತ್ಯದ ಒಂದು ಸಣ್ಣ ಹಳ್ಳಿಯಲ್ಲಿ ತಂಗಿದ್ದೆವು. ಗುರುನಿವಾಸದಲ್ಲಿ ಅಡುಗೆ ಮಾಡುತ್ತಿದ್ದ ಅಜ್ಜಿ ಒಂದು ಮಧ್ಯಾಹ್ನ, ನಾಲ್ಕು ದಿನಗಳಿಂದ ಕಪಾಟಿನಲ್ಲಿದ್ದ ರೊಟ್ಟಿಯನ್ನು ಹೊರತೆಗೆದರು. ಅದನ್ನು ಕೊಯ್ಯಲು ಗರಗಸ ಬೇಕೇನೋ ಎಂಬಂತಿತ್ತು. ದಪ್ಪ ಹೋಳುಗಳನ್ನು ಬೋಗುಣಿಯ ನೀರಿನಲ್ಲಿ ನೆನೆಹಾಕಿದರು. ಬಳಿಕ ಒಗೆದ ಬಟ್ಟೆ ಹಿಂಡುವಂತೆ ಎರಡೂ ಮುಷ್ಟಿಗಳಿಂದ ಹಿಂಡಿದರು. ರೊಟ್ಟಿ ಪುಡಿಪುಡಿಯಾಗಿ ಉದುರಿತು. ಅದಕ್ಕೆ ಹಣ್ಣು ಟೊಮೇಟೊ, ಕೆಂಪು ಈರುಳ್ಳಿ, ಸೌತೆಕಾಯಿ, ಕಾಮಕಸ್ತೂರಿಯ ಎಲೆ, ಉಪ್ಪು, ದ್ರಾಕ್ಷಾರಸದ ವಿನಿಗರ್, ಆಲಿವ್ ಎಣ್ಣೆ. ಒಲೆ ಹಚ್ಚಲೇ ಇಲ್ಲ. ಇದಕ್ಕೆ ಪಾಂಜನೆಲ್ಲಾ ಎಂದು ಹೆಸರು.

ನಿಜ ಹೇಳಬೇಕೆಂದರೆ, ಮೊದಲ ತುತ್ತಿಗೆ ಮುನ್ನ ನಮಗೆ ಒಳಗೊಳಗೇ ಸಿಟ್ಟು ಬಂದಿತ್ತು. ದೂರದ ದೇಶದಿಂದ ಬಂದ ಗುರುವಿಗೆ ನಾಲ್ಕು ದಿನದ ಹಿಂದಿನ ರೊಟ್ಟಿಯೇ? ನಮ್ಮ ಹಳ್ಳಿಯಲ್ಲಾಗಿದ್ದರೆ ಕೋಳಿ ಕೊಯ್ಯುತ್ತಿದ್ದರು ಎಂದುಕೊಂಡೆವು. ಎರಡನೆಯ ತುತ್ತಿಗೆ ಸಿಟ್ಟು ಇಳಿಯಿತು. ಮೂರನೆಯದಕ್ಕೆ ತಟ್ಟೆ ಮುಂದೆ ಚಾಚಿದೆವು.

ಈ ತಿನಿಸಿಗೆ ಒಂದು ಇತಿಹಾಸವಿದೆ, ಮತ್ತು ಅದರಲ್ಲಿ ಒಂದು ಸ್ವಾರಸ್ಯವೂ ಇದೆ. ಫ್ಲಾರೆನ್ಸ್ ನಗರದ ಹೆಸರಾಂತ ಚಿತ್ರಕಾರ ಬ್ರೊಂಜಿನೊ (1503–1572) ಕವಿಯೂ ಆಗಿದ್ದ. ರೊಟ್ಟಿಯ ಜೊತೆ ಈರುಳ್ಳಿ, ಸೌತೆಕಾಯಿ, ಗೋಣಿಸೊಪ್ಪು, ಎಣ್ಣೆ, ವಿನಿಗರ್ ಬೆರೆಸಿ ತಿನ್ನುವ ಸುಖವನ್ನು ಅವನು ಒಂದು ಹಾಸ್ಯಗವನದಲ್ಲಿ ಹಾಡಿದ್ದಾನೆ. ಅದರಲ್ಲಿ ಟೊಮೇಟೊ ಇಲ್ಲ. ಇರುವುದಾದರೂ ಹೇಗೆ? ಟೊಮೇಟೊ ಆಗಷ್ಟೇ ಅಮೆರಿಕ ಖಂಡದಿಂದ ಹಡಗಿಳಿದು ಬಂದಿತ್ತು. 1544ರಲ್ಲಿ ಮತ್ತಿಯೋಲಿ ಎಂಬ ವೈದ್ಯ ತನ್ನ ಗ್ರಂಥದಲ್ಲಿ ಅದರ ವರ್ಣನೆ ಕೊಟ್ಟ. 1548ರ ಅಕ್ಟೋಬರ್ ಕೊನೆಯಲ್ಲಿ ಒಂದು ಬುಟ್ಟಿ ಟೊಮೇಟೊ ಮೆದಿಚಿ ಅರಸುಮನೆಗೆ ತಲಪಿದ್ದನ್ನು ಅಲ್ಲಿಯ ಮೇಲ್ವಿಚಾರಕ ಪತ್ರದಲ್ಲಿ ಬರೆದಿಟ್ಟಿದ್ದಾನೆ. ಜನ ಅದನ್ನು ಕುತೂಹಲದಿಂದ ನೋಡಿದರೇ ಹೊರತು ಊಟಕ್ಕೆ ಸೇರಿಸಿಕೊಳ್ಳಲು ಬಹಳ ಕಾಲ ಹಿಂಜರಿದರು. ಇಂದು ಟೊಮೇಟೊ ಇಲ್ಲದ ಇಟಲಿಯ ಅಡುಗೆಯನ್ನು ಊಹಿಸುವುದೂ ಕಷ್ಟ. ಟೊಮೇಟೊ ಇಲ್ಲದ ನಮ್ಮ ಸಾರನ್ನೂ ಹಾಗೆಯೇ. ಎರಡೂ ಕಡೆ ಅದು ಪರದೇಶಿಯೇ. ಬ್ರೊಂಜಿನೊನ ಗೋಣಿಸೊಪ್ಪಾದರೋ ನಮ್ಮ ಹೊಲದ ಬದುಗಳಲ್ಲಿ ಯಾರೂ ಬಿತ್ತದೆ ಬೆಳೆಯುವಂಥದ್ದು. ನಮ್ಮ ತಾಯಂದಿರು ಅದನ್ನು ಬೇಳೆಯ ಜೊತೆ ಹುಳಿ ಮಾಡುತ್ತಿದ್ದರು.

ರೊಟ್ಟಿಯ ವಿಷಯವೂ ಹೇಳಬೇಕು. ತೊಸ್ಕಾನದ ರೊಟ್ಟಿಗೆ ಉಪ್ಪು ಹಾಕುವುದಿಲ್ಲ. ಹಿಂದೆ ಪೀಸಾ ನಗರದವರು ಉಪ್ಪು ತಡೆದದ್ದರಿಂದ ಹಾಗಾಯಿತು ಎಂದು ಕೆಲವರು, ಉಪ್ಪಿನ ಮೇಲಿನ ತೆರಿಗೆಯಿಂದ ಎಂದು ಕೆಲವರು ಹೇಳುತ್ತಾರೆ. 1302ರಲ್ಲಿ ಫ್ಲಾರೆನ್ಸಿನಿಂದ ಗಡೀಪಾರಾದ ಮಹಾಕವಿ ದಾಂತೆ, ಪರರ ಮನೆಯ ರೊಟ್ಟಿ ನಾಲಿಗೆಗೆ ಎಷ್ಟು ಉಪ್ಪಾಗಿರುತ್ತದೆಂಬುದನ್ನು ತನ್ನ ಕಾವ್ಯದಲ್ಲಿ ಹೇಳಿದ್ದಾನೆ. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ ಆ ಭಾಗಕ್ಕೆ ನಾವು ಬೇರೆಯೇ ಗಹನವಾದ ಅರ್ಥ ಕಲ್ಪಿಸಿಕೊಂಡಿದ್ದೆವು. ಉಪ್ಪಿಲ್ಲದ ಆ ರೊಟ್ಟಿಯನ್ನು ಕಚ್ಚಿದ ಮೇಲೆ, ಕವಿ ಮೊದಲು ತನ್ನ ನಾಲಿಗೆಯ ಮಾತನ್ನೇ ಹೇಳಿದ್ದಾನೆಂದು ತಿಳಿಯಿತು. ಬಾಗಲಗುಂಟೆಯಲ್ಲಿ ಬಾಡಿಗೆ ಕೋಣೆ ಹಿಡಿದು ಪೀಣ್ಯದ ಕಾರ್ಖಾನೆಗಳಿಗೆ ಹೋಗುವ ತರುಣರನ್ನು ಕೇಳಿ ನೋಡಿ: ಕಲಬುರಗಿಯವನಿಗೆ ಇಲ್ಲಿಯ ಸಾರು ಸಿಹಿ, ಮಂಗಳೂರಿನವನಿಗೆ ಇಲ್ಲಿಯ ಮೀನು ಹಳತು.

ಇರಲಿ, ನಮ್ಮ ಕಥೆಗೆ ಬರೋಣ. ತಪಸ್ಸುಕಾಲದ ಶುಕ್ರವಾರಗಳಂದು ಶಿಲುಬೆಹಾದಿಯ ಪ್ರಾರ್ಥನೆಯ ಬಳಿಕ ನಮ್ಮ ಧರ್ಮಕೇಂದ್ರದ ಮಹಿಳಾ ಸಂಘದವರು ಒಂದು ಸರಳ ಊಟ ಏರ್ಪಡಿಸುತ್ತಾರೆ. ಅಂದು ಮಾಂಸವಿಲ್ಲ, ಆಡಂಬರವಿಲ್ಲ. ಮುಂದಿನ ಶುಕ್ರವಾರದ ಊಟ ನಮ್ಮದೆಂದು ನಾವು ಘೋಷಿಸಿದೆವು. ಆ ತಾಯಿಯ ಹೆಸರೆತ್ತದೆ, ನಿನ್ನೆಯ ಬ್ರೆಡ್ಡಿಗೆ ಎಲ್ಲರೆದುರು ಮರ್ಯಾದೆ ಮಾಡಬೇಕೆಂಬುದು ನಮ್ಮ ಗುಪ್ತ ಸಂಕಲ್ಪ. ಬೇಕರಿಯಿಂದ ಹಿಂದಿನ ದಿನದ ಆರು ಪೌಂಡು ಬ್ರೆಡ್ಡು ತರಿಸಿದೆವು. ಪೌಂಡು ಎಂದರೆ ತೂಕವಲ್ಲ, ನಮ್ಮ ಬೇಕರಿಗಳ ಭಾಷೆಯಲ್ಲಿ ಒಂದು ಇಡೀ ಬ್ರೆಡ್ಡು. ಇಟಲಿಯ ಅಜ್ಜಿ ಮಾಡಿದಂತೆಯೇ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಹಿಂಡಿದೆವು.

ಹಿಂಡಲು ಏನೂ ಉಳಿದಿರಲಿಲ್ಲ. ಕೈಗೆ ಬಂದದ್ದು ಗೋಡೆಗೆ ಭಿತ್ತಿಪತ್ರ ಅಂಟಿಸುವ ಸರಿ. ಪ್ರಥಮ ಪರಮಪ್ರಸಾದದ ತರಗತಿಯ ಒಂದು ಮಗು ಇಣುಕಿ ನೋಡಿ, “ಫಾದರ್, ಇದು ಪಾಯಸಾನಾ?” ಎಂದು ಕೇಳಿತು. ಮಹಿಳೆಯರು ನಗು ತಡೆಯಲು ಸೆರಗು ಬಾಯಿಗೆ ಹಿಡಿದರು. ತತ್ತ್ವಶಾಸ್ತ್ರ ಯಾವ ನೆರವಿಗೂ ಬರಲಿಲ್ಲ.

ಆಗ ಹಿಂದಿನ ಸಾಲಿನಿಂದ ಎದ್ದು ಬಂದವರು ಅದೇ ತಾಯಿ. “ಮುಳುಗಿಸಿಬಿಟ್ರಲ್ಲ ಸ್ವಾಮಿ,” ಎಂದರು. “ಅವಲಕ್ಕಿ ನೆನೆಸೋದು ನೋಡಿಲ್ವ? ಗಟ್ಟಿ ಅವಲಕ್ಕಿ ಆದ್ರೆ ನೀರಲ್ಲಿ ಹಾಕ್ಬೇಕು. ಪೇಪರ್ ಅವಲಕ್ಕಿ ಆದ್ರೆ ಚಿಮುಕಿಸ್ಬೇಕು ಅಷ್ಟೆ. ನಿಮ್ಮ ಬ್ರೆಡ್ಡು ಪೇಪರ್ ಅವಲಕ್ಕಿ.”

ಒಂದು ಪೂರ್ಣ ಪಾಕಶಾಸ್ತ್ರದ ಪಾಠ ಈ ಮಾತಿನಲ್ಲಿ ಅಡಗಿತ್ತು. ತೊಸ್ಕಾನದ ರೊಟ್ಟಿ ಹಿಟ್ಟು, ನೀರು, ಹುದುಗು, ಇಷ್ಟರಿಂದಲೇ ಆದದ್ದು. ಅದರ ಹೊರಪದರ ದಪ್ಪ, ಒಳಭಾಗ ಬಿಗಿ. ನೀರು ಕುಡಿದರೂ ಅದು ತನ್ನ ಆಕಾರ ಬಿಡುವುದಿಲ್ಲ. ನಮ್ಮ ಬೇಕರಿಯ ಬ್ರೆಡ್ಡಿನಲ್ಲಿ ಸಕ್ಕರೆಯಿದೆ, ಕೊಬ್ಬಿದೆ. ಚಹಾದಲ್ಲಿ ಅದ್ದಿದರೆ ನಾಲಿಗೆಯ ಮೇಲೆ ಕರಗಲೆಂದೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಹಾಸನದ ಕಡೆಯಿಂದ ಬಂದ ಅಯ್ಯಂಗಾರರು 1898ರ ಸುಮಾರಿಗೆ ಚಿಕ್ಕಪೇಟೆಯಲ್ಲಿ ಬೇಕರಿ ತೆರೆದಂದಿನಿಂದ ಬೆಂಗಳೂರಿನ ನಾಲಿಗೆಗೆ ಅಭ್ಯಾಸವಾದದ್ದು ಈ ಮೃದುತ್ವ. ಅದು ದೋಷವಲ್ಲ. ಆದರೆ ಅದನ್ನು ಬಕೆಟ್ಟಿಗೆ ಹಾಕಬಾರದು.

ಆ ದಿನ ಉಳಿದಿದ್ದ ಎರಡು ಪೌಂಡುಗಳನ್ನು ಆ ತಾಯಿಯೇ ಕೈಗೆತ್ತಿಕೊಂಡರು. ಅನಂತರದ ಶುಕ್ರವಾರಗಳಲ್ಲಿ ಸಂಘದವರು ಅದನ್ನು ತಿದ್ದಿ ತೀಡಿ ಒಂದು ಹದಕ್ಕೆ ತಂದರು. ಆ ಹದವನ್ನೇ ಇಲ್ಲಿ ಕೊಡುತ್ತಿದ್ದೇವೆ. ನಾಲ್ವರಿಗೆ ಸಾಕಾಗುತ್ತದೆ.

ಕಾಲು ಕಿಲೋ ಹಳೆಯ ಬ್ರೆಡ್ಡು ಬೇಕು. ಸಿಹಿ ಇಲ್ಲದ ಪಾವ್ ಸಿಕ್ಕರೆ ಎಲ್ಲಕ್ಕಿಂತ ಉತ್ತಮ. ಮಂಗಳೂರು ಕಡೆಯ ಕುಟುಂಬದವರಿಗೆ ಇದನ್ನು ಹೇಳಬೇಕಾಗಿಲ್ಲ. ಕೈಯಿಂದಲೇ ನೆಲ್ಲಿಕಾಯಿ ಗಾತ್ರಕ್ಕೆ ಮುರಿಯಿರಿ. ಚಾಕುವಿನಿಂದ ಕೊಯ್ದರೆ ಅಂಚು ನುಣುಪಾಗಿ ರಸ ಹೀರುವುದಿಲ್ಲ. ಎಣ್ಣೆ ಹಾಕದ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಆಡಿಸುತ್ತಾ, ಹೊರಗೆ ಗರಿಗರಿಯಾಗುವಷ್ಟು ಹುರಿಯಿರಿ. ಬಣ್ಣ ಕಂದಾಗಬೇಕಿಲ್ಲ. ಬಿಸಿಲಿನ ದಿನವಾದರೆ ತೆಳುಬಟ್ಟೆ ಹೊದಿಸಿ ತಾರಸಿಯ ಮೇಲೆ ಎರಡು ಮೂರು ಗಂಟೆ ಒಣಗಿಸಿದರೂ ಆಯಿತು, ಅನಿಲವೂ ಉಳಿಯಿತು.

ಅರ್ಧ ಕಿಲೋ ಟೊಮೇಟೊ. ಪೂರ್ತಿ ಹಣ್ಣಾಗಿರಬೇಕು, ಆದರೆ ಕೊಳೆತಿರಬಾರದು. ತಳ್ಳುಗಾಡಿಯವರು ಸಂಜೆಗೆ ‘ಮೆತ್ತಗಾಯ್ತು’ ಎಂದು ಬೇರೆ ಗುಡ್ಡೆ ಹಾಕಿ ಅಗ್ಗಕ್ಕೆ ಕೊಡುತ್ತಾರಲ್ಲ, ಅವೇ ಇದಕ್ಕೆ ಸರಿ. ನಾಟಿಯಾದರೆ ಹುಳಿ ಹೆಚ್ಚು, ರಸ ಹೆಚ್ಚು. ಫಾರಂ ಟೊಮೇಟೊ ತಿರುಳಿನಲ್ಲಿ ಗಟ್ಟಿ. ಎರಡನ್ನೂ ಅರ್ಧರ್ಧ ಬೆರೆಸಿದರೆ ಚೆನ್ನ ಎಂದು ನಮ್ಮ ಅನುಭವ. ದಪ್ಪ ತುಂಡುಗಳಾಗಿ ಹೆಚ್ಚಿ, ಒಂದು ಸಣ್ಣ ಚಮಚ ಉಪ್ಪು ಬೆರೆಸಿ, ತೂತಿನ ಪಾತ್ರೆಯಲ್ಲಿ ಹಾಕಿ ಕೆಳಗೆ ಬೋಗುಣಿ ಇಡಿ. ಅರ್ಧ ಗಂಟೆಯಲ್ಲಿ ಉಪ್ಪು ತನ್ನ ಕೆಲಸ ಮಾಡಿ, ಬೋಗುಣಿಯಲ್ಲಿ ಒಳ್ಳೆಯ ರಸ ಕೂಡಿರುತ್ತದೆ. ಇದೇ ಈ ತಿನಿಸಿನ ಗುಟ್ಟು. ನೀರು ಬೇಡ, ಬ್ರೆಡ್ಡಿಗೆ ಈ ರಸವೇ ನೀರು.

ಅಷ್ಟರಲ್ಲಿ ಒಂದು ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ ವಿನಿಗರ್ ಬೆರೆಸಿದ ತಣ್ಣೀರಿನಲ್ಲಿ ನೆನೆಯಲು ಬಿಡಿ, ಖಾರ ಇಳಿಯುತ್ತದೆ. ಎಳೆಯ ಸೌತೆಕಾಯಿ ಒಂದು. ಕಹಿ ನೋಡಿ ಹೆಚ್ಚಿ. ಬೋಗುಣಿಯ ರಸಕ್ಕೆ ಎರಡು ದೊಡ್ಡ ಚಮಚ ವಿನಿಗರ್, ನಾಲ್ಕು ದೊಡ್ಡ ಚಮಚ ಎಣ್ಣೆ, ಕುಟ್ಟಿದ ಕರಿಮೆಣಸು ಹಾಕಿ ಚೆನ್ನಾಗಿ ಕದಡಿ. ವಿನಿಗರ್ ಇಲ್ಲದಿದ್ದರೆ ಒಂದು ನಿಂಬೆಹಣ್ಣು ಹಿಂಡಿ. ಆಲಿವ್ ಎಣ್ಣೆ ಎಲ್ಲರ ಕೈಗೆ ಎಟಕುವ ಬೆಲೆಯದಲ್ಲ. ಗಾಣದ ಕಡಲೆಕಾಯಿ ಎಣ್ಣೆ ಹಾಕಿ ನೋಡಿದೆವು. ಇಟಲಿಯವರು ಒಪ್ಪುತ್ತಾರೋ ಇಲ್ಲವೋ, ಬಾಗಲಗುಂಟೆ ಒಪ್ಪಿತು.

ಈಗ ಬ್ರೆಡ್ಡು, ಟೊಮೇಟೊ, ಸೌತೆಕಾಯಿ, ನೀರು ಹಿಂಡಿದ ಈರುಳ್ಳಿ ಎಲ್ಲವನ್ನೂ ಅಗಲವಾದ ಪಾತ್ರೆಗೆ ಹಾಕಿ, ರಸವನ್ನು ಒಮ್ಮೆಲೇ ಸುರಿಯದೆ ಮೂರು ಸಲ ಚಿಮುಕಿಸಿ, ಕೆಳಗಿನಿಂದ ಮೇಲಕ್ಕೆ ಹಗುರವಾಗಿ ಕಲಸಿ. ಕಾಮಕಸ್ತೂರಿಯ ಹತ್ತು ಹದಿನೈದು ಎಲೆಗಳನ್ನು ಕೈಯಿಂದ ಹರಿದು ಮೇಲೆ ಹಾಕಿ. ಕಾಮಕಸ್ತೂರಿ ಇಟಲಿಯವರು ಬಳಸುವ ಗಿಡವೇ. ಬೇಸಿಗೆಯಲ್ಲಿ ನಾವು ಪಾನಕಕ್ಕೆ ಹಾಕುವ ಕಪ್ಪು ಬೀಜ ಅದರದ್ದೇ. ಕುಂಡದಲ್ಲಿ ಬಿತ್ತಿದರೆ ಸುಲಭವಾಗಿ ಬರುತ್ತದೆ. ತುಳಸಿ ಬೇರೆ ಗಿಡ, ಅದರ ಘಾಟು ಇದಕ್ಕೆ ಹೊಂದದು. ಕಾಮಕಸ್ತೂರಿ ಸಿಗದಿದ್ದರೆ ಕೊತ್ತಂಬರಿ ಸೊಪ್ಪು ಹಾಕಿ; ಆಗ ಅದು ಪಾಂಜನೆಲ್ಲಾ ಆಗುವುದಿಲ್ಲವೆಂದು ವಾದಿಸುವವರೊಡನೆ ನಾವು ಜಗಳಕ್ಕಿಲ್ಲ. ಅರ್ಧ ಗಂಟೆ ಮುಚ್ಚಿಡಿ. ಬ್ರೆಡ್ಡು ಹೊರಗೆ ನೆನೆದು ಒಳಗೆ ಇನ್ನೂ ತುಸು ಹಲ್ಲಿಗೆ ಸಿಗುವಂತಿರುವಾಗ ತಿನ್ನಿ. ಮಾಡಿದ ದಿನವೇ ಮುಗಿಸಿಬಿಡಬೇಕು. ತಂಗಳಿನಿಂದ ಮಾಡಿದ್ದನ್ನು ಮತ್ತೆ ತಂಗಳು ಮಾಡಬಾರದು.

ಇಲ್ಲಿ ಒಂದು ಎಚ್ಚರಿಕೆ. ತಂಗಳು ಬೇರೆ, ಹಳಸಿದ್ದು ಬೇರೆ. ತಣ್ಣನೆಯ ಕೂಳು ‘ತಂಗೂಳು’, ಅದೇ ತಂಗಳು ಎಂದು ನಮ್ಮ ವ್ಯಾಕರಣಕಾರರು ಪದವನ್ನು ಬಿಡಿಸುತ್ತಾರೆ. ಅದರಲ್ಲಿ ಕೆಡುಕಿನ ಸುಳಿವೇ ಇಲ್ಲ; ಅದು ಬರೀ ತಣ್ಣಗಾಗಿದೆ. ಗುರುಮಠದಲ್ಲಿ ಅರಿಸ್ಟಾಟಲನ ದ್ರವ್ಯ ಮತ್ತು ರೂಪಗಳ ವಿಚಾರ ಓದುವಾಗ ಇಂಥ ಉದಾಹರಣೆ ಸಿಕ್ಕಿದ್ದರೆ ಪರೀಕ್ಷೆಯಲ್ಲಿ ನಮಗೆ ಇನ್ನೂ ನಾಲ್ಕು ಅಂಕ ಬರುತ್ತಿದ್ದವು. ಬ್ರೆಡ್ಡು ಗಟ್ಟಿಯಾಗುವುದು ಒಣಗುವುದರಿಂದ ಮಾತ್ರವೆಂದು ನಾವು ತಿಳಿದಿರುತ್ತೇವೆ. ಮುಖ್ಯ ಕಾರಣ ಬೇರೆ. ಬೇಯುವಾಗ ನೀರು ಕುಡಿದು ಉಬ್ಬಿದ ಪಿಷ್ಟದ ಎಳೆಗಳು, ತಣ್ಣಗಾದ ಮೇಲೆ ನಿಧಾನವಾಗಿ ಮತ್ತೆ ಸಾಲುಗೂಡಿ ಬಿಗಿಯಾಗುತ್ತವೆ. ಆದುದರಿಂದಲೇ ಗಾಳಿಯಾಡದ ಡಬ್ಬಿಯಲ್ಲಿಟ್ಟರೂ ಅದು ಗಟ್ಟಿಯಾಗುತ್ತದೆ, ಬಿಸಿ ಮಾಡಿದರೆ ಸ್ವಲ್ಪ ಹೊತ್ತು ಮತ್ತೆ ಮೆತ್ತಗಾಗುತ್ತದೆ. ಫ್ರಿಜ್ಜಿನ ತಂಪಿನಲ್ಲಿ ಈ ಕ್ರಿಯೆ ಇನ್ನೂ ಬೇಗ ನಡೆಯುತ್ತದೆ. ಬ್ರೆಡ್ಡು ಮೆತ್ತಗಿರಲೆಂದು ಫ್ರಿಜ್ಜಿನಲ್ಲಿಡುವ ಗೃಹಿಣಿಯರು ಇದನ್ನು ಗಮನಿಸಬೇಕು. ಅಲ್ಲಿ ಅದಕ್ಕೆ ಬೂಷ್ಟು ತಡವಾಗಿ ಹಿಡಿಯುತ್ತದೆ ಅಷ್ಟೆ, ಮೃದುತ್ವ ಬೇಗನೆ ಹೋಗುತ್ತದೆ.

ಆದರೆ ಹಸಿರು, ಬಿಳಿ, ಕಪ್ಪು ಯಾವ ಬಣ್ಣದ ಬೂಷ್ಟು ಕಂಡರೂ, ಆ ಭಾಗ ಕಿತ್ತೆಸೆದು ಉಳಿದದ್ದನ್ನು ತಿನ್ನುವ ಕಡುಜಿಪುಣತನ ಬೇಡ. ಮೆತ್ತನೆಯ ಬ್ರೆಡ್ಡಿನಲ್ಲಿ ಅದರ ಎಳೆಗಳು ಕಣ್ಣಿಗೆ ಕಾಣದಂತೆ ಒಳಗೆಲ್ಲ ಹಬ್ಬಿರುತ್ತವೆ. ಮುರಿದಾಗ ಜೇಡದ ಬಲೆಯಂತೆ ಅಂಟು ಎಳೆ ಬಂದರೆ, ಅತಿಯಾಗಿ ಕಳಿತ ಹಣ್ಣಿನ ವಾಸನೆ ಬಂದರೆ, ಅದೂ ಹಳಸಿದ್ದೇ. ಬಡತನ ಕಾಯಿಲೆಗೆ ರಹದಾರಿಯಾಗಬಾರದು.

ಟೊಮೇಟೊವಿನ ಬಗ್ಗೆ ಇನ್ನಷ್ಟು ಹೇಳದಿದ್ದರೆ ಆ ತಾಯಿ ನಮ್ಮನ್ನು ಕ್ಷಮಿಸಲಾರರು. ಅವರ ತವರು ಕೋಲಾರದ ಕಡೆ. ಅಣ್ಣತಮ್ಮಂದಿರು ಟೊಮೇಟೊ ಬೆಳೆಯುವವರು. ಕೋಲಾರದ ಮಾರುಕಟ್ಟೆ ಏಷ್ಯದಲ್ಲೇ ಬಹು ದೊಡ್ಡ ಟೊಮೇಟೊ ಮಾರುಕಟ್ಟೆಗಳ ಸಾಲಿಗೆ ಸೇರಿದ್ದು. 2021ರ ಮೇ ತಿಂಗಳ ಲಾಕ್‌ಡೌನಿನ ದಿನಗಳಲ್ಲಿ ಕೊಳ್ಳುವವರಿಲ್ಲದೆ ಅಲ್ಲಿಯ ರೈತರು ಹಣ್ಣನ್ನು ರಸ್ತೆಬದಿಗೆ ಸುರಿದರು. ಎರಡೇ ವರ್ಷಗಳ ಬಳಿಕ, 2023ರ ಜುಲೈಯಲ್ಲಿ, ಅದೇ ಮಾರುಕಟ್ಟೆಯಲ್ಲಿ 15 ಕಿಲೋದ ಒಂದು ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿತು. ತೋಟಗಳಿಗೆ ರಾತ್ರಿ ಕಾವಲು ಹಾಕಬೇಕಾಯಿತು. “ಸುರಿದ ವರ್ಷ ನಮ್ಮಣ್ಣ ಬೆಳೆದಿದ್ದ, ದುಡ್ಡು ಬಂದ ವರ್ಷ ರಾಗಿ ಹಾಕಿದ್ದ” ಎಂದು ಅವರು ನಗುತ್ತಲೇ ಹೇಳಿದರು.

ನಮ್ಮ ಬಾಗಲಗುಂಟೆಗೂ ಈ ಹಣ್ಣಿಗೂ ಒಂದು ನಂಟಿದೆಯೆಂಬುದು ಅನೇಕರಿಗೆ ತಿಳಿಯದು. ಊರಿನ ನಡುವೆ ಹಾದುಹೋಗುವ ಹೆಸರಘಟ್ಟ ರಸ್ತೆಯಲ್ಲೇ ಮುಂದೆ ಸಾಗಿದರೆ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಸಿಗುತ್ತದೆ. ಹತ್ತಿರದ ಅರ್ಕಾವತಿ ನದಿಯನ್ನು ನೆನಪಿಸುವಂತೆ ಅಲ್ಲಿಯ ತಳಿಗಳ ಹೆಸರೆಲ್ಲ ‘ಅರ್ಕಾ’ ಎಂದೇ ಆರಂಭ. ಎಲೆಮುರುಟು ನಂಜುರೋಗ, ದುಂಡಾಣು ಸೊರಗು ರೋಗ, ಅಂಗಮಾರಿ, ಈ ಮೂರನ್ನೂ ತಾಳಿಕೊಳ್ಳುವ ‘ಅರ್ಕಾ ರಕ್ಷಕ್’ ಎಂಬ ಟೊಮೇಟೊ ಹುಟ್ಟಿದ್ದು ಅಲ್ಲಿಯೇ. ವಿಜ್ಞಾನಿ ಗಿಡವನ್ನು ರೋಗದಿಂದ ಉಳಿಸಬಲ್ಲ. ಸುಗ್ಗಿಯಲ್ಲಿ ಬೆಲೆ ಕುಸಿದಾಗ ರೈತನನ್ನು ಉಳಿಸುವುದು ಅವನ ಕೈಯಲ್ಲಿಲ್ಲ. ಮೆತ್ತಗಾದ ಹಣ್ಣನ್ನೂ ಹಣ ಕೊಟ್ಟು ಕೊಳ್ಳುವ ಅಡುಗೆಮನೆಗಳು ಊರಲ್ಲಿ ಹೆಚ್ಚಾದರೆ ಅಷ್ಟರಮಟ್ಟಿಗೆ ಸಹಾಯವಾದೀತೇನೋ. ಅದಕ್ಕಿಂತ ದೊಡ್ಡ ಮಾತನ್ನು ನಾವು ಆಡುವುದಿಲ್ಲ.

ಐದು ಸಾವಿರ ಜನರು ಉಂಡು ತೃಪ್ತರಾದ ಮೇಲೆ ಯೇಸುಸ್ವಾಮಿ ಉಳಿದ ರೊಟ್ಟಿಯ ತುಂಡುಗಳನ್ನು ಕೂಡಿಸಲು ಹೇಳಿದ್ದನ್ನು ಸಂತ ಯೊವಾನ್ನರು ತಮ್ಮ ಶುಭಸಂದೇಶದಲ್ಲಿ ಬರೆದಿದ್ದಾರೆ. ಹನ್ನೆರಡು ಬುಟ್ಟಿ ತುಂಬಿದವು. ಅವು ಜವೆಗೋಧಿಯ ರೊಟ್ಟಿಗಳು, ಅಂದರೆ ಬಡವರ ರೊಟ್ಟಿ. ಆ ಹನ್ನೆರಡು ಬುಟ್ಟಿಗಳನ್ನು ಮರುದಿನ ಯಾರು, ಹೇಗೆ ತಿಂದರೆಂದು ಯಾವ ಪ್ರಬೋಧನೆಯಲ್ಲೂ ನಾವು ಕೇಳಿಲ್ಲ, ನಾವೂ ಹೇಳಿರಲಿಲ್ಲ. ಪೋಪ್ ಫ್ರಾನ್ಸಿಸರು 2013ರ ಜೂನ್ 5ರಂದು, ವಿಶ್ವ ಪರಿಸರ ದಿನದ ಭಾಷಣದಲ್ಲಿ, ಆಹಾರವನ್ನು ಎಸೆಯುವುದು ಬಡವರ ಊಟದಿಂದ ಕದ್ದಂತೆ ಎಂಬ ಅರ್ಥದ ಮಾತನಾಡಿದರು. ಅದನ್ನು ನಾವು ಹಲವು ಬಾರಿ ಪ್ರಬೋಧನೆಯಲ್ಲಿ ಉಲ್ಲೇಖಿಸಿದ್ದೇವೆ. ಎಸೆಯುವವರಿಗೆ ಹೇಳುವುದು ಸುಲಭ. ಎಸೆಯಲು ಏನೂ ಇಲ್ಲದೆ, ಇತರರು ಬಿಟ್ಟದ್ದನ್ನು ಅರ್ಧ ಬೆಲೆಗೆ ತಂದು ಗುಟ್ಟಾಗಿ ತಿನ್ನುವವರಿಗೆ ಏನು ಹೇಳಬೇಕೆಂದು ನಮಗೆ ತೋಚಿರಲಿಲ್ಲ.

ಪಾಂಜನೆಲ್ಲಾ ಅದಕ್ಕೆ ಉತ್ತರವೆಂದು ನಾವು ಭಾವಿಸುವುದಿಲ್ಲ. ಇಂದು ಅದೇ ತೊಸ್ಕಾನದಲ್ಲಿ ಪ್ರವಾಸಿಗಳು ಅದಕ್ಕೆ ಬಹಳ ಹಣ ತೆತ್ತು ತಿನ್ನುತ್ತಾರೆ. ಬಡವರ ಊಟ ಉಳ್ಳವರಿಗೆ ರುಚಿಸತೊಡಗಿದೊಡನೆ ಬಡವರಿಗೇ ಅದು ದುಬಾರಿಯಾಗುವುದು ಎಲ್ಲ ದೇಶಗಳಲ್ಲೂ ಇದ್ದದ್ದೇ. ನಮ್ಮ ರಾಗಿಮುದ್ದೆಗೂ ಸಿರಿಧಾನ್ಯಗಳಿಗೂ ಹೀಗೇ ಆಗಲಿಲ್ಲವೇ? ಆ ಶುಕ್ರವಾರ ಎಲ್ಲರೂ ಹೊಗಳುತ್ತಾ ತಿನ್ನುತ್ತಿದ್ದಾಗ, “ಹೇಗಿದೆ ತಾಯಿ?” ಎಂದು ಅವರನ್ನು ಕೇಳಿದೆವು. “ಇಷ್ಟು ಎಣ್ಣೆ ಹಾಕಿದ್ರೆ ಯಾವ್ದು ತಾನೇ ರುಚಿಯಾಗಲ್ಲ ಸ್ವಾಮಿ?” ಎಂದರು. ನಾವು ನಕ್ಕೆವು. ಆದರೆ ಮಾತು ಚುಚ್ಚಿತು. ಆ ವಾರದ ಎಣ್ಣೆ, ಸೌತೆಕಾಯಿ, ವಿನಿಗರ್ ಸಂಘದ ಖರ್ಚಿನಲ್ಲಿ ಬಂದಿದ್ದವು. ಮನೆಯಲ್ಲಿ ಅವರ ಬಳಿ ಇದ್ದದ್ದು ಬ್ರೆಡ್ಡು ಮಾತ್ರ.

ಆ ಸಲದ ತಪಸ್ಸುಕಾಲದ ಕಾಣಿಕೆಯಿಂದ ಸಂಘದವರು ಕೆಲವು ಮನೆಗಳಿಗೆ ದಿನಸಿ ತಲಪಿಸುವ ಏರ್ಪಾಡು ಮಾಡಿದ್ದು ಈ ಮಾತಿನ ಬಳಿಕವೇ. ಯಾರ ಮನೆಗೆಂದು ನಮಗೂ ತಿಳಿಸಬಾರದೆಂದು ಅವರೇ ನಿಯಮ ಮಾಡಿಕೊಂಡರು. ಒಳ್ಳೆಯ ನಿಯಮ.

ಜೂನ್ ತಿಂಗಳಲ್ಲಿ ಮತ್ತೆ ಆ ಓಣಿಗೆ ಹೋಗಿದ್ದೆವು. ಮಗನಿಗೆ ಪೂರ್ಣಾವಧಿ ಕೆಲಸ ಇನ್ನೂ ಸಿಕ್ಕಿರಲಿಲ್ಲ. ಎರಡನೇ ಹಂತದಲ್ಲಿ ಬೇರೊಂದು ಕಡೆ ದಿನಗೂಲಿಗೆ ಹೋಗುತ್ತಿದ್ದ. ಬಾಗಿಲು ತಟ್ಟಿದೆವು. ಒಳಗೆ ಪಾತ್ರೆಗಳ ಸದ್ದಾಗಲಿಲ್ಲ. ಆ ತಾಯಿ ಸ್ಟೀಲ್ ಬೋಗುಣಿಯೊಂದನ್ನು ನಮ್ಮ ಮುಂದಿಟ್ಟು, ಇನ್ನೊಂದು ತಟ್ಟೆಗಾಗಿ ಒಳಗೆ ಹೋದರು. ಬೋಗುಣಿಯಲ್ಲಿ ಬ್ರೆಡ್ಡಿತ್ತು, ಈರುಳ್ಳಿಯಿತ್ತು, ಮೇಲೆ ಒಗ್ಗರಣೆಯ ಸಾಸಿವೆ ಕಾಣುತ್ತಿತ್ತು. ಟೊಮೇಟೊ ಇರಲಿಲ್ಲ.

“ಟೊಮೇಟೊ ರೇಟು ಏರಿಬಿಟ್ಟಿದೆ ಸ್ವಾಮಿ. ಅದಕ್ಕೇ ತೋತಾಪುರಿ ಕಾಯಿ ತುರಿದು ಹಾಕಿದ್ದೀನಿ. ತಿಂದು ನೋಡಿ, ನಿಮ್ಮ ಇಟಲಿಯವರಿಗೆ ಗೊತ್ತಿಲ್ಲ ಇದು.”

ತಿಂದೆವು. ಉಪ್ಪು ಒಂದು ಕಲ್ಲು ಮುಂದಾಗಿತ್ತು. ನಾವು ಏನೂ ಹೇಳದೆ ಎರಡನೆಯ ಸಲ ಬಡಿಸಿಕೊಂಡೆವು.